ಕಡಲಿಲ್ಲದ ನಾಡು

ಪ್ರಪಂಚದ ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ, ಒಂದು ಗೇಣು ಕಡಲತೀರವೂ ಇಲ್ಲದ ರಾಷ್ಟ್ರಗಳು ಹಲವು ಕಾಣುತ್ತವೆ. ಇವುಗಳಿಗೆ ಭೂಆವೃತ ರಾಷ್ಟ್ರಗಳೆಂದು ಹೆಸರು. ಇವುಗಳಲ್ಲಿ 32 ರಾಷ್ಟ್ರಗಳನ್ನು ವಿಶ್ವಸಂಸ್ಥೆಯು ಅಭಿವೃದ್ಧಿಶೀಲವೆಂದು ಗುರುತಿಸಿದೆ. ನಮ್ಮ ನೆರೆಯ ನೇಪಾಳವು ಅವುಗಳಲ್ಲೊಂದು. ಕಡಲಿಲ್ಲದಿದ್ದರೆ ಒಂದು ದೇಶದ ಬಾಳಿಗೆ ಒದಗುವ ಕೊರತೆಯಾದರೂ ಏನು?

ನೇಪಾಳದ ಉತ್ತರಕ್ಕೆ ಹಿಮಾಲಯವಿದೆ; ಅದರಾಚೆಗೆ ಚೀನಾದ ಟಿಬೆಟ್. ಉಳಿದ ಮೂರು ದಿಕ್ಕುಗಳಲ್ಲಿಯೂ ಭಾರತ. ಜನಸಂಖ್ಯೆ ಸುಮಾರು 2 ಕೋಟಿ 90 ಲಕ್ಷ. ಬಹುಪಾಲು ಕುಟುಂಬಗಳಿಗೆ ಬೇಸಾಯವೇ ಆಸರೆ. ದಕ್ಷಿಣದ ತೆರಾಯಿ ಬಯಲಿನಲ್ಲಿ ಬತ್ತ ಬೆಳೆಯುತ್ತದೆ. ಗುಡ್ಡಗಳ ಇಳಿಜಾರಿನಲ್ಲಿ ಮೆಟ್ಟಿಲುಗಳಂತೆ ಕಡಿದ ಹೊಲಗಳಲ್ಲಿ ಮುಸುಕಿನ ಜೋಳವನ್ನೂ, ನಮ್ಮಲ್ಲಿರುವಂತೆಯೇ ರಾಗಿಯನ್ನೂ ಬೆಳೆಯುತ್ತಾರೆ.

ಭಾರವಾದ ಸರಕುಗಳನ್ನು ಸಾಗಿಸಲು ಹಡಗಿನಷ್ಟು ಅಗ್ಗವಾದ ಸಾಧನ ಮತ್ತೊಂದಿಲ್ಲ. ನೇಪಾಳಕ್ಕೆ ದೂರದೇಶಗಳಿಂದ ಬರುವ ಯಂತ್ರವೊಂದು ಕೋಲ್ಕತ್ತದ ಬಂದರಿನಲ್ಲಿ ಇಳಿಯುತ್ತದೆಂದು ಭಾವಿಸೋಣ. ಅದು ಅಲ್ಲಿಂದ ಸುಮಾರು 700 ಕಿಲೋಮೀಟರು ರೈಲಿನಲ್ಲಿ ಸಾಗಿ, ಗಡಿಯ ಬೀರ್‌ಗಂಜ್ ಪಟ್ಟಣದ ಒಣ ಬಂದರನ್ನು ಸೇರಬೇಕು. ಬಳಿಕ ಲಾರಿಯನ್ನೇರಿ, ಬೆಟ್ಟದ ತಿರುವುಗಳನ್ನು ಹಾದು ಕಠ್ಮಂಡುವನ್ನು ಮುಟ್ಟಬೇಕು. ಬಂದರಿನಲ್ಲಿ ಕಾಯುವಿಕೆ, ಸುಂಕದ ಕಟ್ಟೆಯಲ್ಲಿ ಕಾಗದಪತ್ರ, ಹಾದಿಯುದ್ದಕ್ಕೂ ಬಾಡಿಗೆ. ಹೀಗೆ ಹೆಜ್ಜೆಹೆಜ್ಜೆಗೂ ಬೆಲೆ ಏರುತ್ತದೆ. ಹೊರಗೆ ಹೋಗುವ ಸರಕಿಗೂ ಇದೇ ಹೊರೆ. ಆದುದರಿಂದಲೇ ಅಲ್ಲಿಯ ಕಾರ್ಖಾನೆಗಳು ಪರದೇಶದ ಮಾರುಕಟ್ಟೆಯಲ್ಲಿ ಸ್ಪರ್ಧಿಸುವುದು ಕಷ್ಟ. ನೇಪಾಳದ ಆಮದು ಅದರ ರಫ್ತಿನ ಹಲವು ಪಟ್ಟು ಇರುವುದಕ್ಕೆ ಇದೂ ಒಂದು ಕಾರಣ.

ಖರ್ಚಿಗಿಂತಲೂ ದೊಡ್ಡದು ಪರಾವಲಂಬನೆ. 1989ರಲ್ಲಿ ಭಾರತದೊಡನೆ ಇದ್ದ ವ್ಯಾಪಾರ ಹಾಗೂ ಸಾಗಣೆಯ ಒಪ್ಪಂದಗಳು ನವೀಕರಣಗೊಳ್ಳದೆ ಮುಗಿದಾಗ, ಗಡಿಯ ಬಹುಪಾಲು ಹಾದಿಗಳು ಮುಚ್ಚಿದವು. ಇಂಧನ ದೊರೆಯದೆ ಜನರು ಸೌದೆಗಾಗಿ ಕಾಡನ್ನು ಕಡಿದರು. 2015ರ ಏಪ್ರಿಲಿನ ಭೂಕಂಪದಲ್ಲಿ ಸುಮಾರು 9,000 ಮಂದಿ ಮಡಿದರು. ಆ ಗಾಯ ಮಾಯುವ ಮೊದಲೇ, ಹೊಸ ಸಂವಿಧಾನದ ಸಂಬಂಧವಾಗಿ ಎದ್ದ ವಿವಾದದಿಂದ ಗಡಿಯ ಸಾಗಣೆಯು ತಿಂಗಳುಗಟ್ಟಲೆ ಕುಂಠಿತವಾಯಿತು. ಅಡುಗೆ ಅನಿಲಕ್ಕೂ ಔಷಧಕ್ಕೂ ಜನರು ಪರದಾಡಿದರು. ಭೂಆವೃತ ರಾಷ್ಟ್ರಗಳಿಗೆ ಕಡಲನ್ನು ತಲುಪುವ ಹಕ್ಕುಂಟೆಂದು 1982ರ ಸಮುದ್ರ ಕಾನೂನಿನ ಒಡಂಬಡಿಕೆಯು ಸಾರಿದೆ. ಆದರೆ ಆ ಹಕ್ಕು ಕೈಗೂಡುವುದು ನೆರೆಹೊರೆಯವರ ಸೌಹಾರ್ದದಿಂದಲೇ.

ಸ್ವಿಟ್ಜರ್ಲೆಂಡಿಗೂ ಕಡಲಿಲ್ಲ, ಅದು ಸಿರಿವಂತ ದೇಶವಲ್ಲವೇ ಎಂದು ಕೇಳಬಹುದು. ಆ ದೇಶದ ಸುತ್ತಲೂ ಸಂಪನ್ನ ಮಾರುಕಟ್ಟೆಗಳಿವೆ. ಅದು ಮಾರುವ ಗಡಿಯಾರ, ಔಷಧಗಳು ತೂಕದಲ್ಲಿ ಹಗುರ, ಬೆಲೆಯಲ್ಲಿ ಹಿರಿದು. ಹಾಗಾದರೆ ಬಂದರಿನ ಹಂಗಿಲ್ಲದೆ ನೇಪಾಳವು ಮಾರಬಲ್ಲದ್ದು ಯಾವುದು?

ಇಂದು ಅದು ಮುಖ್ಯವಾಗಿ ತನ್ನ ಮಕ್ಕಳ ದುಡಿಮೆಯನ್ನೇ ಮಾರುತ್ತಿದೆ. ಲಕ್ಷಾಂತರ ತರುಣರು ಕತಾರ್, ಸೌದಿ ಅರೇಬಿಯಾ, ಮಲೇಷಿಯಗಳಲ್ಲಿ ಬೆವರು ಸುರಿಸುತ್ತಿದ್ದಾರೆ. ನಮ್ಮ ಬೆಂಗಳೂರಿನಲ್ಲಿಯೂ ಅನೇಕರಿದ್ದಾರೆ. ಹೊರದೇಶಗಳಿಂದ ಅವರು ಕಳುಹಿಸುವ ಹಣವು ರಾಷ್ಟ್ರದ ಒಟ್ಟು ಉತ್ಪನ್ನದ ಸುಮಾರು ಕಾಲುಭಾಗದಷ್ಟು. ಬಡತನವನ್ನು ತಗ್ಗಿಸುವುದರಲ್ಲಿ ಈ ಹಣದ ಪಾತ್ರ ಹಿರಿದು. ಆದರೆ ಮನೆಗೆ ಹಣ ಬಂದರೂ ಊರಿನಲ್ಲಿ ಉಳುವ ಕೈಗಳಿಲ್ಲ. ಗುಡ್ಡದ ಎಷ್ಟೋ ಹೊಲಗಳು ಬೀಳುಬಿದ್ದಿವೆ.

ಎರಡನೆಯ ಸಂಪತ್ತು ಹಿಮಾಲಯದ ನದಿಗಳು. 2016ರವರೆಗೆ ಕಠ್ಮಂಡುವಿನ ಮನೆಗಳು ದಿನವೂ ಗಂಟೆಗಟ್ಟಲೆ ಕತ್ತಲಲ್ಲಿದ್ದವು. 2021ರಲ್ಲಿ 456 ಮೆಗಾವಾಟ್‌ನ ಮೇಲಿನ ತಾಮಾಕೋಶಿ ಯೋಜನೆಯು ಕೆಲಸ ಆರಂಭಿಸಿತು. ಈಗ ಮಳೆಗಾಲದ ಹೆಚ್ಚುವರಿ ವಿದ್ಯುತ್ತು ಭಾರತಕ್ಕೆ ಹರಿಯುತ್ತದೆ. 2024ರ ನವೆಂಬರಿನಲ್ಲಿ ಭಾರತದ ತಂತಿಗಳ ಮೂಲಕವೇ ಅದು ಬಾಂಗ್ಲಾದೇಶವನ್ನೂ ಮುಟ್ಟಿತು. ವಿದ್ಯುತ್ತಿಗೆ ಹಡಗು ಬೇಡ. ಆದರೆ ನೆರೆಯವರ ಸಹಕಾರ ಬೇಕೇ ಬೇಕು.

ಕಡಲನ್ನು ಯಾರೂ ಕಟ್ಟಿಕೊಡಲಾರರು, ಹಾದಿಯನ್ನು ತೆರೆದಿಡಬಲ್ಲರು. ತನ್ನ ನದಿಗಳ ಬಲದಿಂದ ತನ್ನ ತರುಣರಿಗೆ ತನ್ನ ನೆಲದಲ್ಲಿಯೇ ಕೆಲಸ ಕೊಡಬಲ್ಲ ದಿನ, ನೇಪಾಳವು ಪ್ರಕೃತಿಯು ಒಡ್ಡಿದ ಅಡ್ಡಿಯನ್ನು ಗೆದ್ದಂತಾಗುವುದು.

ಪ್ರಶ್ನೆಗಳು

1. ಕಡಲತೀರವಿಲ್ಲದುದರಿಂದ ನೇಪಾಳದ ವ್ಯಾಪಾರಕ್ಕೆ ಒದಗಿರುವ ತೊಡಕುಗಳಾವುವು?

2. ಹೊರದೇಶದ ದುಡಿಮೆಯಿಂದ ನೇಪಾಳಕ್ಕೆ ಆಗಿರುವ ಲಾಭವನ್ನೂ ನಷ್ಟವನ್ನೂ ವಿವರಿಸಿರಿ.

3. ‘ಕಡಲನ್ನು ಯಾರೂ ಕಟ್ಟಿಕೊಡಲಾರರು, ಹಾದಿಯನ್ನು ತೆರೆದಿಡಬಲ್ಲರು.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.