ಮೊದಲು ಪತ್ರ, ಆಮೇಲೆ ನೀರು

ಪ್ರಶ್ನೆ: ಬೆಂಗಳೂರಿನಲ್ಲಿ ಫ್ಲ್ಯಾಟ್ ನೋಡುತ್ತಿದ್ದೇವೆ. ನನಗೆ ಆಫೀಸು ಹತ್ತಿರವಿರಬೇಕು, ಹೆಂಡತಿಗೆ ಗಾಳಿ ಬೆಳಕು ಬೇಕು. ಯಾವುದು ಮುಖ್ಯ?

ಉತ್ತರ: ಇಬ್ಬರ ಆಸೆಯೂ ನ್ಯಾಯವೇ. ಆದರೆ ಅದಕ್ಕೂ ಮೊದಲು ಎರಡು ವಿಷಯಗಳಿವೆ. ಒಂದು, ಕಾಗದಪತ್ರ. ಎ ಖಾತಾ, 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಕಟ್ಟಡದ ಒಸಿ (ಸ್ವಾಧೀನಾನುಭವ ಪತ್ರ) ಮೂರನ್ನೂ ವಕೀಲರಿಗೆ ತೋರಿಸಿ. ಕಟ್ಟುತ್ತಿರುವ ಕಟ್ಟಡವಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನೋಡಿ. ಇಲ್ಲಿ ರಾಜಿ ಬೇಡ. ಎರಡು, ನೀರು. ಬೇಸಿಗೆಯ ಒಂದು ಬೆಳಿಗ್ಗೆ ಆರಕ್ಕೇ ಹೋಗಿ ಗೇಟಿನ ಬಳಿ ನಿಲ್ಲಿ. ಎಷ್ಟು ಟ್ಯಾಂಕರ್ ಒಳಗೆ ಹೋಗುತ್ತವೆ, ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಅಲ್ಲಿರುವವರನ್ನೇ ಕೇಳಿ.

ಇವೆರಡೂ ಸರಿಯಿದ್ದರೆ ನಾನು ನಿಮ್ಮ ಹೆಂಡತಿಯ ಪರ. ನಾಳೆ ನಿಮ್ಮ ಕೆಲಸ ಬದಲಾಗಬಹುದು, ಕಿಟಕಿಯ ದಿಕ್ಕು ಬದಲಾಗದು.