ದೀನತೆ: ಬೆಟ್ಟ ಇಳಿದ ಮೇಲಿನ ಪಾಠ



ಬೆಟ್ಟದ ಮೆಟ್ಟಿಲುಗಳನ್ನು ಕೆಲವರು ಬರಿಗಾಲಲ್ಲಿ ಹತ್ತುತ್ತಾರೆ, ಹರಕೆ ಹೊತ್ತವರು ಮೊಣಕಾಲಲ್ಲೇ ಹತ್ತುತ್ತಾರೆ. ಮೇಲೆ ಬಂದು ಮೇಣದಬತ್ತಿ ಹಚ್ಚಿ, ಜಪಸರ ಹಿಡಿದು ತಲೆಬಾಗುತ್ತಾರೆ. ಇದು ಒಳ್ಳೆಯದೇ. ಆದರೆ ದೇವರ ಮುಂದೆ ಬಾಗುವ ತಲೆ ಮನುಷ್ಯರ ಮುಂದೆ ಬಾಗೋದು ಕಷ್ಟ. ಅದೂ ದಿನಾ ಮುಖ ನೋಡುವ ಮನೆಯವರ ಮುಂದೆ ಇನ್ನೂ ಕಷ್ಟ. ದೀನತೆಯ ಪರೀಕ್ಷೆ ಶುರುವಾಗುವುದು ಊರಿಗೆ ಮರಳಿದ ಮೇಲೆ.

ದೀನತೆ ಎಂದರೇನು?

ತನ್ನನ್ನು ತಾನೇ ಹಳಿದುಕೊಳ್ಳುವುದು ದೀನತೆಯಲ್ಲ. "ನಾನು ಯಾವುದಕ್ಕೂ ಬಾರದವನು" ಎನ್ನುವವನಿಗೆ ಯಾರಾದರೂ "ಹೌದಪ್ಪ, ನಿಜ" ಅಂದುಬಿಟ್ಟರೆ ಸಿಟ್ಟು ನೆತ್ತಿಗೇರುತ್ತದೆ! ಅನ್ಯಾಯ ಕಂಡು ಬಾಯಿ ಮುಚ್ಚಿಕೊಳ್ಳುವುದೂ ದೀನತೆಯಲ್ಲ. ಶಿಷ್ಯರ ಪಾದ ತೊಳೆದ ಅದೇ ರಾತ್ರಿ, ಕೆನ್ನೆಗೆ ಹೊಡೆದ ಕಾವಲುಗಾರನನ್ನು ಪ್ರಭು ಯೇಸು ಯಾಕೆ ಹೊಡೆದೆ ಎಂದು ನೇರವಾಗಿ ಕೇಳಿದರು. ತನಗಿರುವುದೆಲ್ಲ ದೇವರು ಕೊಟ್ಟದ್ದು ಎಂದರಿತು, ಅದನ್ನು ಇನ್ನೊಬ್ಬರ ಅಗತ್ಯಕ್ಕೆ ಬಳಸುವುದೇ ದೀನತೆ.

ಬೆಟ್ಟನಾಡಿಗೆ ಹೊರಟ ತಾಯಿ

ಲೋಕೋದ್ಧಾರಕನ ತಾಯಿಯಾಗುವ ಶುಭವಾರ್ತೆ ಕೇಳಿದ ಮಾತೆ ಮರಿಯಮ್ಮನವರು, ಇನ್ನು ಎಲ್ಲರೂ ತಮ್ಮ ಸೇವೆ ಮಾಡಲಿ ಎಂದು ಕೂರಲಿಲ್ಲ. ವಯಸ್ಸಾದ ಬಂಧು ಎಲಿಜಬೇತಮ್ಮ ಆರು ತಿಂಗಳ ಗರ್ಭಿಣಿ ಎಂದು ತಿಳಿದು ಬೆಟ್ಟನಾಡಿಗೆ ಅವಸರದಿಂದ ಹೊರಟರು. ಸುಮಾರು ಮೂರು ತಿಂಗಳು ಅಲ್ಲಿದ್ದರು. ಏನೇನು ಕೆಲಸ ಮಾಡಿದರೆಂದು ಸಂತ ಲೂಕರು ಬರೆದಿಲ್ಲ. ಆದರೆ ವಯಸ್ಸಾದ ಬಸುರಿ ಇರುವ ಮನೆಯಲ್ಲಿ ನೀರು, ಸೌದೆ, ಹಿಟ್ಟು, ಪಾತ್ರೆ ಅಂತ ಎಷ್ಟು ಕೆಲಸ ಇರುತ್ತೆ ಎಂದು ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ. ಧರ್ಮಸಭೆ ಈ ಭೇಟಿಯ ಹಬ್ಬವನ್ನು ಮೇ 31ರಂದು ಆಚರಿಸುತ್ತದೆ.

ಸೊಂಟಕ್ಕೆ ಕಟ್ಟಿದ ಬಟ್ಟೆ

ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯ ಎಲ್ಲರಿಗೂ ಗೊತ್ತು. ಆಗ ದೂಳಿನ ದಾರಿಯಲ್ಲಿ ನಡೆದು ಬಂದವರ ಪಾದ ತೊಳೆಯುವುದು ಆಳಿನ ಕೆಲಸ. ಪ್ರಭು ಊಟದಿಂದೆದ್ದು, ಮೇಲುಡುಪು ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡರು. ಹಿಡಿದುಕೊಡಲಿದ್ದ ಯೂದನೂ ಆಗ ಅಲ್ಲೇ ಇದ್ದ, ಅವನನ್ನು ಅವರು ಹೊರಗೆ ಕಳಿಸಲಿಲ್ಲ.

ಇಲ್ಲಿ ಒಂದು ಮಾತು ಗಮನಿಸಬೇಕು. ಪ್ರಭು ಆ ಬಟ್ಟೆಯನ್ನು ತಾವೇ ಕಟ್ಟಿಕೊಂಡರು, ಇನ್ನೊಬ್ಬರ ಸೊಂಟಕ್ಕೆ ಕಟ್ಟಲಿಲ್ಲ. ನಮ್ಮ ಮನೆಗಳಲ್ಲಿ ಹಾಗಿದೆಯೇ? ಹಾಸಿಗೆ ಹಿಡಿದ ಅಪ್ಪನನ್ನು ತೊಳೆದು ಒರೆಸುವವಳು ಸೊಸೆ. "ನಾವು ತಂದೆತಾಯಿ ಸೇವೆ ಮಾಡ್ತಿದ್ದೀವಿ" ಎಂದು ಹೇಳಿಕೊಳ್ಳುವವನು ಮಗ. ಇನ್ನೊಬ್ಬರ ಮೇಲೆ ಹೊರಿಸಿದ ಸೇವೆ ನಮ್ಮ ದೀನತೆಯಾಗದು.

ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಗೆ ಹಿಂದೆ ಗಂಡಸರನ್ನು ಮಾತ್ರ ಆರಿಸಬೇಕೆಂಬ ನಿಯಮವಿತ್ತು. 2016ರಲ್ಲಿ ಪೋಪ್ ಫ್ರಾನ್ಸಿಸರು ಅದನ್ನು ಬದಲಿಸಿ ಹೆಂಗಸರೂ ಸೇರಬಹುದೆಂದರು.

ಪುಟ್ಟ ತೆರೇಸಮ್ಮನ ದಾರಿ

ಫ್ರಾನ್ಸಿನ ಲಿಸ್ಯೂ ಮಠದ ಸಂತ ತೆರೇಸಮ್ಮ (1873-1897) ಬದುಕಿದ್ದು ಬರೀ 24 ವರ್ಷ. ಮಠದಲ್ಲಿ ಕಾಯಿಲೆಯ ಮುದುಕಿ ಸನ್ಯಾಸಿನಿಯೊಬ್ಬರನ್ನು ಪ್ರತಿ ಸಂಜೆ ಊಟದ ಕೋಣೆಗೆ ಕರೆದೊಯ್ಯಬೇಕಿತ್ತು. ಬೇಗ ನಡೆದರೂ ಗೊಣಗಾಟ, ನಿಧಾನ ನಡೆದರೂ ಗೊಣಗಾಟ. ಆ ಕೆಲಸವನ್ನು ತೆರೇಸಮ್ಮ ತಾವೇ ಕೇಳಿ ಪಡೆದರು. ಆಕೆಗೆ ರೊಟ್ಟಿ ತುಂಡು ಮಾಡಲು ಕೈ ಬಾರದ್ದನ್ನು ಗಮನಿಸಿ, ಯಾರೂ ಹೇಳದೆಯೇ ತುಂಡು ಮಾಡಿಕೊಟ್ಟು, ನಕ್ಕು ಹೋಗುತ್ತಿದ್ದರು. ಆ ಮುದುಕಿಯ ಮನಸ್ಸು ಕರಗಿದ್ದು ಹೀಗೆ. ದೊಡ್ಡ ಕಾರ್ಯ ಒಂದೂ ಮಾಡದ ಇವರನ್ನು 1997ರಲ್ಲಿ ಧರ್ಮಸಭೆಯ ಪಂಡಿತೆ ಎಂದು ಘೋಷಿಸಲಾಯಿತು.

ಮನೆಯಲ್ಲಿ ಮಾಡಿ ನೋಡಿ

1. ಮನೆಯಲ್ಲಿ ಯಾರಿಗೂ ಬೇಡದ ಒಂದು ಕೆಲಸವನ್ನು ಆರಿಸಿಕೊಳ್ಳಿ. ಬಚ್ಚಲು ತಿಕ್ಕುವುದು, ರೋಗಿಯ ಬಟ್ಟೆ ಒಗೆಯುವುದು, ಯಾವುದಾದರೂ ಸರಿ. ಗಂಡಸರು ಮೊದಲು ಮುಂದೆ ಬರಲಿ.

2. ಮಾಡಿದ್ದನ್ನು ಯಾರಿಗೂ ಹೇಳಬೇಡಿ. ಥ್ಯಾಂಕ್ಸ್ ಬರದಿದ್ದರೂ ಮರುದಿನ ಅದನ್ನೇ ಮಾಡಿ.

3. ಇನ್ನೊಬ್ಬರು ನಿಮ್ಮ ಸೇವೆಗೆ ಬಂದರೆ ಬೇಡ ಅನ್ನಬೇಡಿ. ಪಾದ ಮುಂದೆ ಚಾಚಲು ಪೇತ್ರರಿಗೂ ಮೊದಲು ಮನಸ್ಸಾಗಲಿಲ್ಲ.

4. ತಪ್ಪು ನಿಮ್ಮದಾದರೆ ಮಕ್ಕಳ ಹತ್ತಿರವೂ, ಮನೆಗೆಲಸದವರ ಹತ್ತಿರವೂ ಕ್ಷಮೆ ಕೇಳಿ.

ಮನನಕ್ಕೆ

ಮನೆಯಲ್ಲಿ ನಿಮ್ಮ ಪಾಲಿನ ಯಾವ ಕೆಲಸವನ್ನು ಇಷ್ಟು ದಿನ ಬೇರೆಯವರು ಮಾಡುತ್ತಿದ್ದಾರೆ? ಅವರ ಹೆಸರನ್ನು ಇಂದು ಇಲ್ಲಿ ಪ್ರಾರ್ಥನೆಯಲ್ಲಿ ನೆನೆಯಿರಿ.

ಪ್ರಾರ್ಥನೆ

ಪ್ರಭುವೇ, ಆಳಿನಂತೆ ಬಾಗಿ ಪಾದ ತೊಳೆದವರು ನೀವು. ಬೆಟ್ಟ ಹತ್ತಿದ ಈ ಕಾಲುಗಳು ಮನೆಯ ನೊಂದವರ ಬಳಿಗೆ ನಡೆಯಲಿ. ಜಪಸರ ಹಿಡಿದ ಈ ಕೈಗಳು ಅವರ ಕೆಲಸಕ್ಕೆ ಒದಗಲಿ. ಮಾತೆ ಮರಿಯಮ್ಮನವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.