ಬಾಲಕ್ಕೆ ರೆಕ್ಕೆ ಮೂಡಿದ ಕಾಲ

ಪ್ರಶ್ನೆ: ಐವತ್ತರ ದಶಕದ ಅಮೆರಿಕನ್ ಕಾರುಗಳ ಹಿಂಭಾಗದಲ್ಲಿ ಎರಡು ರೆಕ್ಕೆ ಎದ್ದು ನಿಂತಿರುತ್ತವಲ್ಲ, ಅದರಿಂದ ಏನಾದರೂ ಉಪಯೋಗವಿತ್ತೇ?
– ಕೆ. ಎಸ್., ತಿಪಟೂರು

ಉತ್ತರ: ಪಕ್ಕದ ಮನೆಯವರ ಹೊಟ್ಟೆ ಉರಿಸುವುದಕ್ಕೆ ಚೆನ್ನಾಗಿ ಉಪಯೋಗವಾಗುತ್ತಿತ್ತು! ಇದರ ಮೂಲ ಯುದ್ಧವಿಮಾನ. ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್ ತನ್ನ ಕೈಕೆಳಗಿನವರನ್ನು ಕರೆದೊಯ್ದು ಲಾಕ್‌ಹೀಡ್ ಪಿ-38 ವಿಮಾನ ತೋರಿಸಿದ. ಜೋಡಿ ಬಾಲದ ಆ ವಿಮಾನ ಅವರ ತಲೆಯಲ್ಲೇ ಕೂತಿತು. 1948ರ ಕ್ಯಾಡಿಲಾಕ್‌ನ ಹಿಂದಿನ ಮಡ್‌ಗಾರ್ಡ್ ಮೇಲೆ ಅದೇ ಸಣ್ಣ ಉಬ್ಬಾಗಿ ಮೂಡಿತು.

ಆಮೇಲೆ ಶುರುವಾಯಿತು ಪೈಪೋಟಿ. ಕ್ರೈಸ್ಲರ್‌ನ ವರ್ಜಿಲ್ ಎಕ್ಸ್‌ನರ್ 1957ರ ಮಾದರಿಗಳಿಗೆ ರೆಕ್ಕೆಯನ್ನು ಎತ್ತರಿಸಿದ. ಅಡ್ಡಗಾಳಿಗೆ ಕಾರು ಹೊಯ್ದಾಡುವುದಿಲ್ಲ ಎಂದು ಕಂಪನಿ ಜಾಹೀರಾತು ಮಾಡಿತು; ಪೇಟೆಯಲ್ಲಿ ಓಡಾಡುವವನಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಆ ಕಾರುಗಳು ಮಾರುಕಟ್ಟೆಗೆ ಬರುವ ಮುನ್ನವೇ, 1956ರಲ್ಲಿ, ಜನರಲ್ ಮೋಟಾರ್ಸ್‌ನ ಚಕ್ ಜೋರ್ಡನ್ ಎಂಬ ತರುಣ ವಿನ್ಯಾಸಕಾರ ಕ್ರೈಸ್ಲರ್ ಕಾರ್ಖಾನೆಯ ಬೇಲಿಯಾಚೆ ಅವನ್ನು ಕಂಡು ದಂಗಾದ. ಅವನ ಕಂಪನಿ 1959ರ ಮಾದರಿಗಳಿಗೆಂದು ಹಾಕಿದ್ದ ನಕ್ಷೆಗಳನ್ನೆಲ್ಲ ಬದಿಗಿಟ್ಟು ಹೊಸದಾಗಿ ಶುರುಮಾಡಿತು.

ಪ್ರಶ್ನೆ: ಎಲ್ಲಕ್ಕಿಂತ ಚೆಂದದ್ದು 1959ರ ಕ್ಯಾಡಿಲಾಕ್ ಅಂತಾರೆ. ನಿಮ್ಮ ಅಭಿಪ್ರಾಯ?
– ಓದುಗ, ಶಿವಮೊಗ್ಗ

ಉತ್ತರ: ಎತ್ತರದಲ್ಲಿ ಅದನ್ನು ಮೀರಿಸಿದ್ದಿಲ್ಲ, ಒಪ್ಪಿದೆ. ಸುಮಾರು ಹತ್ತೊಂಬತ್ತು ಅಡಿ ಉದ್ದ, ಎರಡು ಟನ್ನಿಗೂ ಮೀರಿದ ತೂಕ, 6.4 ಲೀಟರಿನ ವಿ-8 ಎಂಜಿನ್. ಒಂದೊಂದು ರೆಕ್ಕೆಗೂ ಬಂದೂಕಿನ ಗುಂಡಿನಂಥ ಎರಡೆರಡು ಕೆಂಪು ದೀಪ. ಪೆಟ್ರೋಲ್ ಅಗ್ಗವಾಗಿದ್ದ ನಾಡಿನಲ್ಲಿ ಮಾತ್ರ ಹುಟ್ಟಬಹುದಾದ ಗಾಡಿ. ನನಗೇನೋ ಅದು ಮೈತುಂಬ ಒಡವೆ ಹೇರಿಕೊಂಡ ಮದುವಣಗಿತ್ತಿಯಂತೆ ಕಾಣುತ್ತದೆ.

ನನ್ನ ಓಟು 1957ರ ಷೆವರ್ಲೆ ಬೆಲ್ ಏರ್‌ಗೆ. ಅದರಲ್ಲಿ ಪೆಟ್ರೋಲ್ ಎಲ್ಲಿ ತುಂಬಬೇಕು ಎಂದು ಹೊಸಬರು ಸುತ್ತು ಹಾಕಬೇಕು. ಎಡ ರೆಕ್ಕೆಯ ಹಿಂದಂಚಿನ ಹೊಳೆಯುವ ಕ್ರೋಮ್ ಪಟ್ಟಿಯೇ ಬಾಗಿಲು. ತೆರೆದರೆ ಒಳಗೆ ಮುಚ್ಚಳ. 1948ರ ಕ್ಯಾಡಿಲಾಕ್‌ನಲ್ಲೂ ಇಂಥದೇ ಕಣ್ಕಟ್ಟು: ಎಡಗಡೆಯ ಹಿಂದಿನ ದೀಪವನ್ನೇ ಮೇಲಕ್ಕೆತ್ತಬೇಕು. ಅಲಂಕಾರಕ್ಕೂ ಒಂದು ಕೆಲಸ ಹಚ್ಚಿದ ಜಾಣತನ ಇಷ್ಟವಾಗುತ್ತದೆ.

ಪ್ರಶ್ನೆ: ಹಾಗಾದರೆ ರೆಕ್ಕೆ ಮಾಯವಾದದ್ದೇಕೆ?
– ಆರ್. ಎಂ., ಗದಗ

ಉತ್ತರ: ವರ್ಷಕ್ಕೊಂದು ಹೊಸ ರೂಪ ಕೊಡುವ ಚಟವೇ ಅದನ್ನು ಬೆಳೆಸಿತ್ತು, ಅದೇ ಕೊಂದಿತು. 1959ರ ರೆಕ್ಕೆಗಿಂತ ಎತ್ತರಿಸಲು ಜಾಗವಿರಲಿಲ್ಲ. 1965ರ ಹೊತ್ತಿಗೆ ಕ್ಯಾಡಿಲಾಕ್ ಕೂಡ ರೆಕ್ಕೆ ಬಿಟ್ಟಿತು. ಅದೇ ವರ್ಷ ಹೊರಬಂದ, ಕಾರುಗಳ ಸುರಕ್ಷತೆಯ ಬಗೆಗಿನ ರಾಲ್ಫ್ ನೇಡರ್ ಪುಸ್ತಕ, ಈ ಚೂಪು ತುದಿಗಳು ದಾರಿಹೋಕರಿಗೆ ಚುಚ್ಚುವ ಅಪಾಯವನ್ನೂ ಎತ್ತಿ ಹೇಳಿತು. ಅದು ಸುಳ್ಳು ದೂರಲ್ಲ.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ಕಾರು ತಯಾರಾಗಲೇ ಇಲ್ಲವೇ?
– ವಿದ್ಯಾರ್ಥಿನಿ, ಉಡುಪಿ

ಉತ್ತರ: ಆಗಿದೆ, ನೀವು ಗಮನಿಸಿಲ್ಲ ಅಷ್ಟೆ. ಪ್ರೀಮಿಯರ್ ಪದ್ಮಿನಿಯ ಹಿಂದೆ ನಿಂತು ನೋಡಿ: ಡಿಕ್ಕಿಯ ಎರಡೂ ಬದಿ ಮಡ್‌ಗಾರ್ಡ್ ತುದಿ ಸಣ್ಣಗೆ ಏರಿ ಚೂಪಾಗಿದೆ. ಅದು ಇಟಲಿಯ ಫಿಯೆಟ್ 1100ರ ಅಚ್ಚು. ಅಮೆರಿಕದ ಗಾಳಿ ಅಲ್ಲಿಗೂ ಬೀಸಿತ್ತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಇವು 2023ರವರೆಗೂ ಓಡಿದವು. ನಿಮ್ಮ ಅಜ್ಜನ ಶೆಡ್ಡಿನಲ್ಲಿ ಒಂದು ಇದ್ದರೆ, ದಯವಿಟ್ಟು ಗುಜರಿಯವನಿಗೆ ಹಾಕಬೇಡಿ.